ಶಾಲೆ ಮಕ್ಕಳ ಕೋಡ್ ನಿಜಕ್ಕೂ ಬಾಹ್ಯಾಕಾಶದಲ್ಲಿ ಓಡುತ್ತಾ?

ಪ್ರಶ್ನೆ: ಮಿಡಲ್ ಸ್ಕೂಲ್ ಮಕ್ಕಳು ಬರೆದ ಪ್ರೋಗ್ರಾಂ ಬಾಹ್ಯಾಕಾಶ ನಿಲ್ದಾಣದ ರೋಬೋಟ್‌ನಲ್ಲಿ ಓಡುತ್ತದೆ ಅಂತ ಓದಿದೆ. ಇದು ನಿಜವಾ, ಇಲ್ಲ ಸುಮ್ನೆ ಒಂದು ಕಂಪ್ಯೂಟರ್ ಆಟಕ್ಕೆ ಕೊಟ್ಟ ದೊಡ್ಡ ಹೆಸರಾ? 12 ವರ್ಷದ ಮಗುವಿಗೆ ಇದನ್ನು ಕಲಿಸೋಕೆ ಆಗುತ್ತಾ?

ಉತ್ತರ: ನಿಜವೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ನಾಸಾ ಜೊತೆ ಸೇರಿ 2009ರಲ್ಲಿ ಜೀರೋ ರೋಬೋಟಿಕ್ಸ್ ಎಂಬ ಸ್ಪರ್ಧೆ ಶುರುಮಾಡಿತು. ಮೊದಲು ಹೈಸ್ಕೂಲಿನವರಿಗೆ ಮಾತ್ರ ಇತ್ತು. ಆಮೇಲೆ ಮಿಡಲ್ ಸ್ಕೂಲಿನವರಿಗೂ ಬೇಸಿಗೆ ರಜೆಯಲ್ಲಿ ಕೆಲವು ವಾರಗಳ ತರಬೇತಿ ಬಂತು. ಫೈನಲ್ ತಲುಪಿದ ಕೋಡನ್ನು ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿರುವ ನಿಲ್ದಾಣಕ್ಕೆ ಕಳಿಸುತ್ತಾರೆ. ಅಲ್ಲಿ ಗಗನಯಾತ್ರಿಗಳ ಕಣ್ಣೆದುರೇ ರೋಬೋಟ್ ಆ ಕೋಡಿನಂತೆ ತೇಲಾಡುತ್ತದೆ.

ಆದರೆ ನಿಮ್ಮ ಅನುಮಾನದಲ್ಲೂ ಹುರುಳಿದೆ. ಅಭ್ಯಾಸವೆಲ್ಲ ನಡೆಯುವುದು ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲೇ, ಅಂದರೆ ರೋಬೋಟಿನ ಚಲನೆಯನ್ನು ಪರದೆಯ ಮೇಲೆ ಅನುಕರಿಸುವ ಪ್ರೋಗ್ರಾಂನಲ್ಲಿ. ನಿಜವಾದ ರೋಬೋಟ್ ಸಿಗುವುದು ಕೊನೆಯಲ್ಲಿ, ಕೆಲವೇ ನಿಮಿಷಗಳ ಮಟ್ಟಿಗೆ.

ಮೊದಲ ರೋಬೋಟ್‌ಗಳ ಹೆಸರು ಸ್ಫಿಯರ್ಸ್. 2006ರಲ್ಲಿ ನಿಲ್ದಾಣಕ್ಕೆ ಹೋದವು. ಫುಟ್‌ಬಾಲಿಗಿಂತ ಅಷ್ಟೇನೂ ದೊಡ್ಡದಲ್ಲ, ತೂಕ ಸುಮಾರು 4 ಕೆ.ಜಿ. ಮೈಮೇಲಿನ 12 ಸಣ್ಣ ಮೂತಿಗಳಿಂದ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಚಿಮ್ಮಿಸಿ ಚಲಿಸುತ್ತಿದ್ದವು. 2019ರಿಂದ ಆ ಜಾಗಕ್ಕೆ ಆಸ್ಟ್ರೋಬೀ ಬಂದಿದೆ. ಇದು ಸುಮಾರು 30 ಸೆಂ.ಮೀ. ಅಳತೆಯ ಚೌಕಾಕಾರದ ಡಬ್ಬ. ಬಂಬಲ್, ಹನಿ, ಕ್ವೀನ್ ಅಂತ ಮೂರು ಇವೆ. ಇವು ಅನಿಲ ಬಳಸುವುದಿಲ್ಲ, ಫ್ಯಾನಿನಿಂದ ನಿಲ್ದಾಣದೊಳಗಿನ ಗಾಳಿಯನ್ನೇ ತಳ್ಳಿಕೊಂಡು ಹೋಗುತ್ತವೆ. ದಾರಿ ಹಿಡಿಯಲು ಕ್ಯಾಮೆರಾ ಇದೆ. ಬ್ಯಾಟರಿ ಇಳಿದರೆ ತಾವೇ ಡಾಕ್‌ಗೆ (ಚಾರ್ಜಿಂಗ್ ಜಾಗಕ್ಕೆ) ಹೋಗಿ ಚಾರ್ಜ್ ಆಗಬಲ್ಲವು.

ಇನ್ನು ಕಲಿಸುವ ವಿಷಯ. ಎಲ್ಲರೂ ಭಯಪಡುವುದು ಕೋಡಿಗೆ. ನನ್ನನ್ನು ಕೇಳಿದರೆ ಕೋಡ್ ಇಲ್ಲಿ ಸುಲಭದ ಭಾಗ. ಚಿಕ್ಕ ಮಕ್ಕಳಿಗೆ ಕಮಾಂಡ್‌ಗಳ ಬ್ಲಾಕ್‌ಗಳನ್ನು ಪರದೆಯ ಮೇಲೆ ಒಂದಕ್ಕೊಂದು ಜೋಡಿಸುವ ವಿಧಾನವಿದೆ, ಸಾಲಿನ ಕೊನೆಯ ಸೆಮಿಕೋಲನ್ (;) ಮರೆತರೆ ಏನಾಗುತ್ತೋ ಅನ್ನುವ ತಲೆನೋವಿಲ್ಲ. ಕಷ್ಟ ಇರುವುದು ರೋಬೋಟನ್ನು ನಿಲ್ಲಿಸುವುದರಲ್ಲಿ.

ನೆಲದ ಮೇಲೆ ಪೆಡಲ್ ತುಳಿಯುವುದು ಬಿಟ್ಟರೆ ಸೈಕಲ್ ಸ್ವಲ್ಪ ದೂರ ಹೋಗಿ ತಾನೇ ನಿಲ್ಲುತ್ತದೆ. ಘರ್ಷಣೆ ನಮಗೆ ಗೊತ್ತಿಲ್ಲದಂತೆ ಬ್ರೇಕ್ ಹಾಕುತ್ತಿರುತ್ತದೆ. ತೇಲುವ ರೋಬೋಟಿಗೆ ಆ ಉಪಕಾರ ಇಲ್ಲ. ಗಾಳಿಯ ತಡೆ ಅಷ್ಟಿಷ್ಟು ಇದ್ದರೂ ಅದನ್ನು ನಂಬಿ ಕೂರುವ ಹಾಗಿಲ್ಲ. ನಿಲ್ಲಬೇಕೆಂದರೆ ಹೊರಟಷ್ಟೇ ಜೋರಾಗಿ ಹಿಂದಕ್ಕೆ ತಳ್ಳಬೇಕು. ನ್ಯೂಟನ್ನನ ನಿಯಮ ಮಕ್ಕಳಿಗೆ ಬಾಯಿಪಾಠ ಇರುತ್ತದೆ, ಆದರೂ ಮೊದಲ ಪ್ರೋಗ್ರಾಂನಲ್ಲಿ ಬ್ರೇಕನ್ನು ಮರೆತೇ ಬಿಡುತ್ತಾರೆ.

ಒಂದು ಸಣ್ಣ ಲೆಕ್ಕ ನೋಡಿ. ರೋಬೋಟ್ 100 ಸೆಂ.ಮೀ. ದೂರ ಹೋಗಿ ನಿಲ್ಲಬೇಕು. ತಳ್ಳಿದಾಗ ಅದರ ವೇಗ ಪ್ರತಿ ಸೆಕೆಂಡಿಗೆ 1 ಸೆಂ.ಮೀ.ನಂತೆ ಏರುತ್ತದೆ ಎನ್ನಿ. 4 ಸೆಕೆಂಡ್ ತಳ್ಳಿದರೆ ವೇಗ ಸೆಕೆಂಡಿಗೆ 4 ಸೆಂ.ಮೀ. ಆಗುತ್ತದೆ. ನಿಲ್ಲಲು ಮತ್ತೆ 4 ಸೆಕೆಂಡ್ ಉಲ್ಟಾ ತಳ್ಳಬೇಕು, ಅಷ್ಟರಲ್ಲಿ ಅದು ಇನ್ನೂ 8 ಸೆಂ.ಮೀ. ಹೋಗಿರುತ್ತದೆ. ಹಾಗಾಗಿ ಬ್ರೇಕ್ ಶುರುವಾಗಬೇಕಾದದ್ದು 92ರಲ್ಲಿ. 100 ಮುಟ್ಟಿದ ಮೇಲೆ ಬ್ರೇಕ್ ಹಾಕಿದರೆ ನಿಲ್ಲುವುದು 108ರಲ್ಲಿ!

ಮಗು ಖುಷಿಯಿಂದ ಬರೆಯುತ್ತದೆ: ದೂರ 92ಕ್ಕೆ ಸಮವಾದರೆ ಬ್ರೇಕ್ ಹಾಕು. ಓಡಿಸಿದರೆ ರೋಬೋಟ್ ನಿಲ್ಲುವುದೇ ಇಲ್ಲ, ನೇರ ಹೋಗಿ ಗೋಡೆಗೆ ಗುದ್ದುತ್ತದೆ. ಯಾಕೆ? ಸ್ಫಿಯರ್ಸ್ ಕಾಲದ ಜೀರೋ ರೋಬೋಟಿಕ್ಸ್‌ನಲ್ಲಿ ಮಕ್ಕಳ ಕೋಡ್ ಸೆಕೆಂಡಿಗೆ ಒಮ್ಮೆ ಮಾತ್ರ ಓಡುತ್ತಿತ್ತು. ಹೊರಡುವಾಗ ರೋಬೋಟ್ ಎರಡು ಸೆಂ.ಮೀ. ಹಿಂದೆ ಇದ್ದರೂ ಸಾಕು, ಒಂದು ಸಲ ನೋಡಿದಾಗ 90, ಮುಂದಿನ ಸಲ 94. ಮಧ್ಯದ 92 ಅದರ ಲೆಕ್ಕಕ್ಕೇ ಬರುವುದಿಲ್ಲ. ‘ಸಮವಾದರೆ’ ತೆಗೆದು ‘92 ಅಥವಾ ಅದಕ್ಕಿಂತ ಜಾಸ್ತಿಯಾದರೆ’ ಅಂತ ಹಾಕಬೇಕು. ಅನುಭವಿ ಪ್ರೋಗ್ರಾಮರ್‌ಗಳೂ ಎಡವುವ ಜಾಗ ಇದು. ಇಂಥದ್ದನ್ನು ಮೇಷ್ಟ್ರು ಬೋರ್ಡಿನ ಮೇಲೆ ಮೊದಲೇ ಬರೆದು ತೋರಿಸಬಾರದು. ಸಿಮ್ಯುಲೇಟರ್‌ನಲ್ಲಿ ಎರಡು ಸಲ ಗುದ್ದಲಿ, ಆಮೇಲೆ ಕಾರಣ ಹುಡುಕಲಿ. ಗೋಡೆಗೇನೂ ಆಗುವುದಿಲ್ಲ ಅಲ್ವಾ?

ಗಮ್ಯದ ಜಾಗವನ್ನಷ್ಟೇ ಹೇಳಿದರೆ ಬ್ರೇಕಿನ ಲೆಕ್ಕವನ್ನು ರೋಬೋಟೇ ಮಾಡಿಕೊಳ್ಳುವ ತಯಾರಾದ ಕಮಾಂಡ್‌ಗಳೂ ಇವೆ. ಅನುಕೂಲವೇನೋ ಹೌದು, ಆದರೆ ಅವನ್ನು ಮೊದಲ ದಿನವೇ ಕೊಟ್ಟರೆ ಮೇಲಿನ ಪಾಠವೆಲ್ಲ ತಪ್ಪಿಹೋಗುತ್ತದೆ. ಒಂದೆರಡು ದಿನ ತಡವಾಗಿ ಕೊಡುವುದು ಒಳ್ಳೆಯದು.

ಇನ್ನೊಂದು ಅಡ್ಡಿ ಇಂಧನ. ಸ್ಪರ್ಧೆಯ ಆಟಗಳಲ್ಲಿ ಪ್ರತಿ ತಂಡಕ್ಕೂ ಇಷ್ಟೇ ಅಂತ ಮಿತಿ ಇರುತ್ತಿತ್ತು. ಬೇಗ ತಲುಪುವ ಆಸೆಗೆ ಜೋರಾಗಿ ತಳ್ಳಿದರೆ ನಿಲ್ಲಿಸಲೂ ಅಷ್ಟೇ ಖರ್ಚು. ಆಗ ತಂಡದೊಳಗೆ ಜಗಳ ಶುರು: ನಿಧಾನವಾಗಿ ಹೋಗಿ ಉಳಿಸೋಣವಾ, ನುಗ್ಗಿ ಪಾಯಿಂಟ್ ತಗೊಳ್ಳೋಣವಾ? ಈ ಜಗಳ ಬೇಕು. ಒಂದು ಸಲ ಕೋಡ್ ಮೇಲೆ ಹೋಗಿ ಓಡತೊಡಗಿದರೆ ಮಧ್ಯದಲ್ಲಿ ತಿದ್ದಲು ಬರುವುದಿಲ್ಲ, ಜಾಯ್‌ಸ್ಟಿಕ್ಕೂ ಇಲ್ಲ. ಎದುರಾಳಿ ತಂಡದ ರೋಬೋಟ್ ಅಡ್ಡ ಬಂದರೆ, ಇಂಧನ ಮುಗಿಯುತ್ತಾ ಬಂದರೆ ಏನು ಮಾಡಬೇಕು ಅನ್ನುವುದನ್ನೆಲ್ಲ ಮೊದಲೇ ಬರೆದಿರಬೇಕು.

ಹಾಗಾದರೆ 12 ವರ್ಷದ ಮಗುವಿಗೆ ಮೊದಲೇ ಏನು ಗೊತ್ತಿರಬೇಕು? ಮೈನಸ್ ಸಂಖ್ಯೆಗಳು, ಗ್ರಾಫಿನಲ್ಲಿ ಬಿಂದು ಗುರುತಿಸುವುದು, ಹೀಗಾದರೆ ಹಾಗೆ ಮಾಡು ಅನ್ನುವ ತರ್ಕ. ಇಷ್ಟಿದ್ದರೆ ಶುರುಮಾಡಬಹುದು. ಗ್ರಾಫಿಗೆ ಮೂರನೇ ಅಕ್ಷ ಸೇರಿದಾಗ ಎಲ್ಲರಿಗೂ ಸ್ವಲ್ಪ ತಲೆ ತಿರುಗುತ್ತದೆ. ಅಲ್ಲಿ ಮೇಲೆ, ಕೆಳಗೆ ಅನ್ನುವುದೇ ಇಲ್ಲವಲ್ಲ. ಒಂದು ರಟ್ಟಿನ ಡಬ್ಬದ ಮೇಲೆ ಮೂರು ಬಣ್ಣದ ಬಾಣ ಬರೆದು ಕೈಗೆ ಕೊಡಿ. ಯಾವ ಮುಖ ಎತ್ತ ತಿರುಗಿತು ಅಂತ ಮಕ್ಕಳು ತಾವೇ ತಿರುಗಿಸಿ ನೋಡಿಕೊಳ್ಳುತ್ತಾರೆ.