ರೋಗ ಹುಡುಕುವವರ ಬಲೆಗೆ ಬೀಳುವುದು ಬದುಕಿದ ಹಕ್ಕಿ

ತೋಟದಲ್ಲಿ ಒಂದು ಕಾಗೆ ಸತ್ತು ಬಿದ್ದರೆ ನಮ್ಮ ಕೊಡಗಿನಲ್ಲಿ ಎರಡು ಬಗೆಯ ಮಾತು ಶುರುವಾಗುತ್ತದೆ. ಹಿರಿಯರು ಅಪಶಕುನ ಅನ್ನುತ್ತಾರೆ. ಕಿರಿಯರು ಫೋಟೋ ತೆಗೆದು ‘ಹಕ್ಕಿಜ್ವರ ಬಂತು’ ಅಂತ ವಾಟ್ಸಾಪ್‌ಗೆ ಹಾಕುತ್ತಾರೆ. ನನಗೆ ಎರಡನೆಯದರ ಮೇಲೇ ಸಿಟ್ಟು ಜಾಸ್ತಿ, ಯಾಕೆಂದರೆ ಅದು ವಿಜ್ಞಾನದ ವೇಷ ಹಾಕಿಕೊಂಡು ಬರುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: ಈ ವಲಸೆ ಹಕ್ಕಿಗಳೇ ರೋಗ ಹೊತ್ತು ತರುವುದು, ಪಟಾಕಿ ಹೊಡೆದು ಓಡಿಸಿ.

ಕಾಡುಹಕ್ಕಿಗಳ ರೋಗವನ್ನೇ ಜೀವನವಿಡೀ ಅಧ್ಯಯನ ಮಾಡುವ ವಿಜ್ಞಾನಿಗಳಿದ್ದಾರೆ. ಸತ್ತ ಹಕ್ಕಿಯನ್ನು ಕೊಯ್ದು ನೋಡುವುದೇ ಅವರ ಕೆಲಸ ಅಂತ ಜನ ಅಂದುಕೊಂಡಿದ್ದಾರೆ. ಅದೂ ಇದೆ. ಆದರೆ ಹೆಚ್ಚಿನ ದಿನಗಳಲ್ಲಿ ಅವರ ಕೈಗೆ ಸಿಗುವುದು ಜೀವಂತ ಹಕ್ಕಿ, ಅದೂ ನೋಡಲು ಗಟ್ಟಿಮುಟ್ಟಾಗಿರುವ ಹಕ್ಕಿ. ಕಾಫಿ ತೋಟದಲ್ಲಿ ಬೇಕೆಂದೇ ಸತ್ತ ಹಕ್ಕಿ ಹುಡುಕಿ ನೋಡಿ, ಸಿಗುವುದು ಅಪರೂಪ. ಇರುವೆ, ಮುಂಗುಸಿ, ಲೈನ್‌ಮನೆಯ ನಾಯಿ ಎಲ್ಲ ಸೇರಿ ಬೆಳಗಾಗುವುದರೊಳಗೆ ಮುಗಿಸಿರುತ್ತವೆ. ಕಾಯಿಲೆ ಬಿದ್ದ ಹಕ್ಕಿಯೂ ಅದನ್ನು ತೋರಿಸಿಕೊಳ್ಳುವುದಿಲ್ಲ. ತೋರಿಸಿಕೊಂಡರೆ ಗಿಡುಗ ಬಿಡುತ್ತದೆಯೇ?

ಅಕ್ಟೋಬರ್ ಸುಮಾರಿಗೆ ನಮ್ಮ ಮರಗಳಿಗೆ ಗ್ರೀನಿಶ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿ ಬರುತ್ತದೆ. ತೂಕ ಸುಮಾರು 7–8 ಗ್ರಾಂ. ಇಂಥ ಹಕ್ಕಿಯನ್ನು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕಣ್ಣಿಗೆ ಕಾಣದಷ್ಟು ನವಿರಾದ ಬಲೆ ಬೇಕು, ಬೆಳಗಿನ ಜಾವ ಏಳುವ ಅಭ್ಯಾಸ ಬೇಕು. ಮೈತೂಕದ 1%ಗಿಂತ ಜಾಸ್ತಿ ರಕ್ತ ತೆಗೆಯುವಂತಿಲ್ಲ. ಅಂದರೆ ರೆಕ್ಕೆಯ ರಕ್ತನಾಳದಿಂದ ಹೆಚ್ಚೆಂದರೆ ಒಂದೆರಡು ಹನಿ. ಆ ಹನಿಯೇ ಸಾಕು. ನಮ್ಮ ಕೆಂಪು ರಕ್ತಕಣಗಳಲ್ಲಿ ಡಿಎನ್‌ಎ ಇರುವ ಕೋಶಕೇಂದ್ರ ಇಲ್ಲ, ಹಕ್ಕಿಯ ಕೆಂಪು ಕಣಗಳಲ್ಲಿ ಇದೆ. ಹಾಗಾಗಿ ಒಂದೇ ಹನಿಯಲ್ಲಿ ಹಕ್ಕಿಯ ಡಿಎನ್‌ಎ ಧಾರಾಳವಾಗಿ ಸಿಗುತ್ತದೆ. ಅದೇ ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದರೆ ಕೋಶಕೇಂದ್ರದ ಪಕ್ಕದಲ್ಲೇ ಮಲೇರಿಯಾ ಪರೋಪಜೀವಿ ಕೂತಿರುವುದೂ ಕಾಣಬಹುದು. ಹೌದು, ಹಕ್ಕಿಗಳಿಗೂ ಮಲೇರಿಯಾ ಬರುತ್ತದೆ. ಅದು ಮನುಷ್ಯರಿಗೆ ಅಂಟುವುದಿಲ್ಲ, ಸುಮ್ನೆ ಗಾಬರಿ ಬೇಡ. 1898ರಲ್ಲಿ ಕಲ್ಕತ್ತೆಯಲ್ಲಿ ರೊನಾಲ್ಡ್ ರಾಸ್ ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ಪೂರ್ತಿಯಾಗಿ ತೋರಿಸಿದ್ದೇ ಹಕ್ಕಿಗಳಲ್ಲಿ. 1902ರ ನೊಬೆಲ್‌ನಲ್ಲಿ ಗುಬ್ಬಚ್ಚಿಗಳಿಗೂ ಪಾಲಿದೆ ಅಂತ ನಾನು ವಾದ ಮಾಡುತ್ತೇನೆ.

ಈಗ ನನಗೆ ಬಹಳ ಇಷ್ಟವಾದ ಭಾಗ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೋಪಜೀವಿಗಳು ರಕ್ತದಲ್ಲಿ ವಿಪರೀತ ಹೆಚ್ಚುತ್ತವೆ. ಅದನ್ನು ದಾಟಿದ ಹಕ್ಕಿಯ ಮೈಯಲ್ಲಿ ಅವು ತೀರಾ ಕಡಿಮೆಯಾಗುತ್ತವೆ, ಆದರೆ ಪೂರ್ತಿ ಹೋಗುವುದಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಇರುತ್ತವೆ, ಗೂಡು ಕಟ್ಟಿ ಮರಿ ಮಾಡುವ ದಣಿವಿನ ಕಾಲದಲ್ಲಿ ಮತ್ತೆ ತಲೆ ಎತ್ತಬಹುದು. ಮೊದಲ ವಾರಗಳಲ್ಲಿ ನಿಜವಾಗಿ ನರಳುವ ಹಕ್ಕಿ ಕೊಂಬೆ ಬಿಟ್ಟು ಕದಲುವುದೇ ಕಡಿಮೆ. ಕದಲದ ಹಕ್ಕಿ ಬಲೆಗೆ ಬೀಳುವುದಿಲ್ಲ, ಅಲ್ವಾ? ಬಲೆಗೆ ಬಿದ್ದದ್ದರಲ್ಲಿ ಬಹುಪಾಲು ಗೆದ್ದು ಬಂದವು. ರೋಗಾಣು ಸಿಕ್ಕಿತು ಅಂದರೆ ರೋಗ ಇದೆ ಅಂತಲ್ಲ, ರೋಗ ಕಾಣಲಿಲ್ಲ ಅಂದರೆ ಸಾವು ಆಗಿಲ್ಲ ಅಂತಲೂ ಅಲ್ಲ. ಈ ಎರಡರ ನಡುವೆ ಲೆಕ್ಕ ಹಾಕುವುದರಲ್ಲೇ ಅವರ ಆಯಸ್ಸು ಕಳೆಯುತ್ತದೆ.

ಸಾವು ಕಣ್ಣಿಗೆ ಕಾಣುವಂತೆ ನಡೆದದ್ದು ಹವಾಯಿಯಲ್ಲಿ. ಅಲ್ಲಿ ಸೊಳ್ಳೆಯೇ ಇರಲಿಲ್ಲ, 1826ರ ಸುಮಾರಿಗೆ ಹಡಗಿನ ನೀರಿನಲ್ಲಿ ಹೋಯಿತು. ಮಲೇರಿಯಾವನ್ನು ಎಂದೂ ಕಾಣದ ಅಲ್ಲಿನ ಹನಿಕ್ರೀಪರ್ ಹಕ್ಕಿಗಳು ತಗ್ಗಿನ ಕಾಡುಗಳಿಂದ ಹೆಚ್ಚುಕಡಿಮೆ ಅಳಿದವು. ಉಳಿದವು ಬಹುಪಾಲು ಎತ್ತರದ ತಂಪು ಬೆಟ್ಟಗಳಲ್ಲಿ, ಯಾಕೆಂದರೆ ಸುಮಾರು 13 ಡಿಗ್ರಿಗಿಂತ ಕೆಳಗೆ ಸೊಳ್ಳೆಯೊಳಗೆ ಆ ಪರೋಪಜೀವಿ ಬೆಳೆಯುವುದಿಲ್ಲ. ಇದನ್ನು ಓದಿ ನಮ್ಮ ತಡಿಯಂಡಮೋಳ್ ಬೆಟ್ಟದ ಹಕ್ಕಿಗಳಿಗೂ ಇದೇ ಗತಿ ಅಂತ ಬರೆಯುವವರಿದ್ದಾರೆ. ಆತುರ ಬೇಡ. ನಮ್ಮ ಹಕ್ಕಿಗಳು ಮತ್ತು ಈ ಪರೋಪಜೀವಿಗಳು ಹಳೆಯ ಪರಿಚಯಸ್ಥರು.

ವಲಸೆ ಹಕ್ಕಿಗಳ ಮೇಲಿನ ಆರೋಪವೂ ಹೊಸದಲ್ಲ, ಅದಕ್ಕೆ ನಮ್ಮ ಮಲೆನಾಡಿನದೇ ಚರಿತ್ರೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರೂ ಜ್ವರ ಬಂದು ಸತ್ತರು. ಅದೇ ಮಂಗನ ಕಾಯಿಲೆ. ಅದರ ವೈರಸ್ ಸೈಬೀರಿಯಾದ ಓಮ್ಸ್ಕ್ ಜ್ವರದ ವೈರಸ್‌ಗೆ ಹತ್ತಿರದ ನೆಂಟ. ಹಾಗಾದರೆ ಹಕ್ಕಿಗಳೇ ಉಣುಗಿನ ಜೊತೆ ಹೊತ್ತು ತಂದವೇ? ಅನುಮಾನ ಸಹಜವಾಗಿತ್ತು. ಪಕ್ಷಿತಜ್ಞ ಸಲೀಂ ಅಲಿ ಅದೇ ಎಳೆ ಹಿಡಿದು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದರು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ಅದ್ಭುತ ಮಾಹಿತಿ ಸಿಕ್ಕಿತು. ಹಕ್ಕಿ ಮಂಗನ ಕಾಯಿಲೆ ತಂದಿತು ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಆ ವೈರಸ್ ಕಾಡಿನ ಉಣುಗು, ಇಲಿ, ಮಂಗಗಳ ನಡುವೆಯೇ ಸುತ್ತುತ್ತದೆ. ಈಗ ನಮ್ಮ ನೆರೆಯ ಬಂಡೀಪುರ, ವಯನಾಡಿನವರೆಗೂ ಬಂದಿದೆ.

ಹಕ್ಕಿಜ್ವರದ ಕತೆ ಬೇರೆ. ಕಾಡುಬಾತುಗಳಲ್ಲಿ ಸೌಮ್ಯ ತಳಿಗಳು ಎಂದಿನಿಂದಲೂ ಇವೆ. ಈಗ ಹರಡಿರುವ ಮಾರಕ ಎಚ್5ಎನ್1 ತಳಿಯ ಮೂಲ ಮೊದಲು ಸಿಕ್ಕಿದ್ದು 1996ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ, ಸಾಕಿದ ಹೆಬ್ಬಾತಿನಲ್ಲಿ. 2005ರಲ್ಲಿ ಚಿಂಗ್‌ಹೈ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಬಹಳಷ್ಟು ಪಟ್ಟೆತಲೆ ಹೆಬ್ಬಾತುಗಳು, ಗದಗದ ಮಾಗಡಿ ಕೆರೆಗೆ ಬರುವ ಜಾತಿಯವೇ. ಈಗ ಕಾಡುಹಕ್ಕಿಗಳೂ ಅದನ್ನು ದೂರಕ್ಕೆ ಒಯ್ಯುತ್ತವೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ರೋಗ ಹುಟ್ಟಿದ್ದು ಕೊಟ್ಟಿಗೆಯಲ್ಲಿ. ಓಡಿಸಿದರೆ ಸೋಂಕಿರುವ ಹಕ್ಕಿ ಪಕ್ಕದ ಕೆರೆಗೆ ಹೋಗುತ್ತದೆ, ಅಷ್ಟೇ.

ಒಂದು ಕಾಗೆ ಸತ್ತಿದ್ದರೆ ಕರೆಂಟ್ ಹೊಡೆದಿರಬಹುದು, ವಯಸ್ಸಾಗಿರಬಹುದು. ಒಂದೇ ಕಡೆ ಐದಾರು ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿ ಕಟ್ಟಿ, ನಾಟಿ ಕೋಳಿಗಳನ್ನು ಗೂಡಿಗೆ ಹಾಕಿ, ಹತ್ತಿರದ ಪಶು ಆಸ್ಪತ್ರೆಗೆ ಅವತ್ತೇ ಫೋನ್ ಮಾಡಿ. ಕೊಳೆತ ಹಕ್ಕಿಯಿಂದ ವೈರಸ್ ಪತ್ತೆ ಮಾಡುವುದು ಕಷ್ಟ. ಹಕ್ಕಿಜ್ವರವೆಂದು ಖಚಿತಪಡಿಸುವ ಪ್ರಯೋಗಾಲಯ ಇರುವುದು ಭೋಪಾಲದಲ್ಲಿ, ಮಾದರಿ ಅಲ್ಲಿಯವರೆಗೂ ಐಸ್‌ನಲ್ಲೇ ಹೋಗಬೇಕು.