ಒಬ್ಬೊಬ್ಬರ ಹೆಸರಿಗೂ ಒಂದೊಂದು ಗಿಡ ನೆಡೋಣವೇ?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ತೀರಿಕೊಂಡ ವಿದ್ಯಾರ್ಥಿಗಳು, ಮೇಷ್ಟ್ರುಗಳ ನೆನಪಿಗೆ ಒಂದು ತೋಟ ಮಾಡಬೇಕು ಅಂತಿದ್ದೇವೆ. ಸುಮ್ಮನೆ ಬಂದು ಕೂತು ಹೋಗುವ ಜಾಗ. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಗಿಡ ನೆಟ್ಟರೆ ಸರಿಯಾಗುತ್ತಾ?

ಉತ್ತರ: ಗಿಡ ಖಂಡಿತ ನೆಡಿ. ಹೆಸರಿನ ಬೋರ್ಡು ಮಾತ್ರ ಗಿಡಕ್ಕೆ ಹಾಕಬೇಡಿ. ಜೂನ್ ಮಳೆಗೆ ನೆಟ್ಟ ಸಸಿ ಮುಂದಿನ ಏಪ್ರಿಲ್‌ನಲ್ಲಿ ಒಣಗಿಹೋಗಬಹುದು. ಆಗ ಆ ಹುಡುಗನ ತಾಯಿ ಬಂದರೆ? ಒಂದು ಒಣಕಡ್ಡಿ, ಅದರ ಮುಂದೆ ಮಗನ ಹೆಸರು. ಬೇಡ ಅಲ್ವಾ?

ಹೆಸರು ಕಲ್ಲಿನ ಮೇಲಿರಲಿ. ವೀರಗಲ್ಲು ನಿಲ್ಲಿಸಿದ ನಾಡಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಒಂದು ಕ್ಯಾಂಪಸ್ಸಿನ ಕತೆ ಹೇಳುತ್ತೇನೆ. 2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿ 32 ಜನರನ್ನು ಕೊಂದ. ಸತ್ತವರಲ್ಲಿ ಭಾರತದಿಂದ ಹೋದವರೂ ಇದ್ದರು. ಸಮಿತಿ, ನಕ್ಷೆ, ಟೆಂಡರು ಅಂತ ಕಾಯದೆ ಅಲ್ಲಿನ ವಿದ್ಯಾರ್ಥಿಗಳೇ ಮೈದಾನದಲ್ಲಿ 32 ಕಲ್ಲುಗಳನ್ನು ಅರ್ಧ ವೃತ್ತವಾಗಿ ಇಟ್ಟರು. ಕ್ಯಾಂಪಸ್ಸಿನ ಕಟ್ಟಡಗಳಿಗೆ ಬಳಸುವ ಅದೇ ಸುಣ್ಣಕಲ್ಲು. ಆಗಸ್ಟ್‌ನಲ್ಲಿ ಕಾಯಂ ಸ್ಮಾರಕ ಬಂದಾಗಲೂ ಅದೇ ರೂಪ ಉಳಿಯಿತು. ಹೆಸರು ಕೆತ್ತಿದ, ತಲಾ ಸುಮಾರು 136 ಕಿಲೋ ತೂಕದ 32 ಕಲ್ಲುಗಳು. ಮೇಷ್ಟ್ರಿಗೂ ವಿದ್ಯಾರ್ಥಿಗೂ ಒಂದೇ ತೂಕ. ಮೊದಲು ಇಟ್ಟಿದ್ದ ಕಲ್ಲುಗಳನ್ನು ಮನೆಯವರಿಗೆ ಕೊಟ್ಟರು.

ಈ 'ಒಂದೇ ತೂಕ' ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮಲ್ಲಿ ತೀರಿಕೊಂಡವರ ಹೆಸರಿಗಿಂತ ಉದ್ಘಾಟನೆ ಮಾಡಿದವರ ಹೆಸರೇ ದೊಡ್ಡದಾಗಿರುತ್ತದೆ.

ಇನ್ನು ಗಿಡ. ನನ್ನನ್ನು ಕೇಳಿದರೆ ಬಯಲುಸೀಮೆಗೆ ಹೊಂಗೆ. ಬೇಸಿಗೆ ಶುರುವಾಗುವ ಹೊತ್ತಿಗೆ ಎಲೆ ಉದುರಿಸಿದರೂ ಬೇಗ ಚಿಗುರಿ, ಬಿಸಿಲು ಏರುವಷ್ಟರಲ್ಲಿ ತಂಪು ನೆರಳು ಕೊಡುತ್ತದೆ. ಜೊತೆಗೆ ಒಂದೆರಡು ಬಕುಳ. ನಿಧಾನವಾಗಿ ಬೆಳೆಯುತ್ತದೆ, ನಿಜ. ಆದರೆ ವರ್ಷವಿಡೀ ಹಸಿರು, ಮತ್ತು ಉದುರಿದ ಹೂವು ಒಣಗಿದರೂ ಘಮ ಹೋಗುವುದಿಲ್ಲ. ನೆನಪಿನ ತೋಟಕ್ಕೆ ಇದಕ್ಕಿಂತ ಒಪ್ಪುವ ಹೂವು ನನಗೆ ಗೊತ್ತಿಲ್ಲ. ಪಾರಿಜಾತ ಇಡುವುದಾದರೆ ದಾರಿಯ ಪಕ್ಕ ಇಡಿ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತದೆ, ವಾಕಿಂಗ್ ಬಂದವರು ನೋಡಿಯೇ ನೋಡುತ್ತಾರೆ. ಬುಡಕ್ಕೆ ಸಿಮೆಂಟು ಮೆತ್ತಿ ಕಟ್ಟೆ ಕಟ್ಟಬೇಡಿ. ಮಣ್ಣು ಬಿಟ್ಟಿರಲಿ.

ಕೂರುವ ಜಾಗವನ್ನು ಅರಳಿಕಟ್ಟೆ ಮಾಡಬೇಡಿ. ಅರಳಿಕಟ್ಟೆ ಮಾತಿಗೆ. ಇಲ್ಲಿ ಬೆಂಚುಗಳು ಎದುರುಬದುರಾಗುವುದು ಬೇಡ. ಅಳುತ್ತಿರುವವರ ಮುಖ ಇನ್ನೊಬ್ಬರಿಗೆ ಕಾಣಬಾರದು. ಬೆನ್ನಿಗೆ ಒರಗು ಇರಲಿ, ವಯಸ್ಸಾದ ಅಪ್ಪ ಅಮ್ಮಂದಿರೂ ಬರುತ್ತಾರೆ. ಬಿಸಿಲಿಗೆ ಬೀಳುವ ಕಡೆ ಕಪ್ಪು ಕಡಪ ಕಲ್ಲು ಹಾಕಿದರೆ ಮಧ್ಯಾಹ್ನ ಕೂರಲು ಆಗುವುದಿಲ್ಲ. ಜಾಗ ಗೊತ್ತು ಮಾಡುವ ಮೊದಲು ಊಟದ ಬಿಡುವಿನಲ್ಲಿ ನೀವೇ ಅಲ್ಲಿ ಒಂದು ಗಂಟೆ ಕೂತು ನೋಡಿ. ಕ್ಯಾಂಟೀನ್ ಗಲಾಟೆ, ಬೈಕ್ ಸದ್ದು ಜಾಸ್ತಿ ಇದ್ದರೆ ಬೇರೆ ಮೂಲೆ ಹುಡುಕಿ.

ಕೊನೆಗೆ ನೀರು. ಸಸಿ ನೆಟ್ಟ ವಿದ್ಯಾರ್ಥಿಗಳು ಎರಡು ವರ್ಷಕ್ಕೆ ಪಾಸಾಗಿ ಹೋಗುತ್ತಾರೆ. ನೀರು ಜಾಸ್ತಿ ಬೇಕಾದ ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ, ರಜೆ. ಹಾಗಾಗಿ ಮೊದಲ ಮೂರು ಬೇಸಿಗೆಯ ನೀರಿನ ಕೆಲಸವನ್ನು ಮಾಲಿಯ ಕೆಲಸದ ಪಟ್ಟಿಯಲ್ಲಿ ಬರೆಸಿಬಿಡಿ. ಸಸಿ ತರುವ ಮೊದಲು, ಹತ್ತಿರದ ನಲ್ಲಿ ಎಲ್ಲಿದೆ, ಪೈಪು ಅಲ್ಲಿಗೆ ಎಟಕುತ್ತದಾ ಅಂತ ಒಂದು ಸಲ ನೋಡಿಕೊಂಡು ಬನ್ನಿ.