ಮೋಟರ್ ಓಡುತ್ತೆ, ನೀರು ಎಳೆಯಲ್ಲ: ಹಳೇ ಕಾರ್ಪೆಟ್ ಮೆಷಿನ್‌ಗೆ ಏನಾಗಿದೆ?

ಪ್ರಶ್ನೆ: ಮುಂಬಯಿಯ ಅಂಧೇರಿಯಲ್ಲಿ ನಮ್ಮದು ಸಣ್ಣ ಹೌಸ್‌ಕೀಪಿಂಗ್ ಕಾಂಟ್ರಾಕ್ಟ್. ನೀರು ಸಿಂಪಡಿಸಿ ಕೊಳೆ ಸಮೇತ ಹೀರುವ ಹಳೇ ಕಾರ್ಪೆಟ್ ಮೆಷಿನ್ ಇದೆ. ಈಗ ಮೋಟರ್ ಜೋರಾಗಿ ಓಡುತ್ತೆ, ಆದರೆ ನೀರು ಎಳೆಯಲ್ಲ. ಕಾರ್ಪೆಟ್ ಮರುದಿನವೂ ಒದ್ದೆ. ಮೆಕ್ಯಾನಿಕ್ ಹೊಸ ಮೋಟರ್ ಹಾಕಿಸಿ ಅಂತಾರೆ. ಹಾಕಿಸಲೇಬೇಕಾ?

ಉತ್ತರ: ಸ್ವಲ್ಪ ತಡೀರಿ. ಎಳೆತ ಕಡಿಮೆಯಾದ ಮೆಷಿನ್‌ಗಳಲ್ಲಿ ತಪ್ಪು ಹೆಚ್ಚಾಗಿ ಮೋಟರಿನದ್ದಲ್ಲ. ಗಾಳಿ ಎಲ್ಲೋ ಸೋರುತ್ತಿರುತ್ತದೆ, ಇಲ್ಲವೇ ಎಲ್ಲೋ ಕಟ್ಟಿಕೊಂಡಿರುತ್ತದೆ. ಎರಡರಲ್ಲಿ ಯಾವುದು ಅನ್ನೋದನ್ನ ಮೋಟರಿನ ಸದ್ದೇ ಹೇಳುತ್ತದೆ.

ಕೊಳೆ ನೀರಿನ ಟ್ಯಾಂಕಿಗೆ ಸೇರುವ ದಪ್ಪ ಪೈಪ್ ಕಳಚಿ. ಮೆಷಿನ್ ಆನ್ ಮಾಡಿ, ಟ್ಯಾಂಕಿನ ಆ ಬಾಯಿಗೆ ಒಣ ಅಂಗೈ ಒತ್ತಿ ಹಿಡಿಯಿರಿ. ಮೆಷಿನ್ ಕೈಯನ್ನು ಗಟ್ಟಿಯಾಗಿ ಎಳೆದುಕೊಳ್ಳಬೇಕು, ಜೊತೆಗೆ ಮೋಟರಿನ ಸದ್ದು ತೆಳ್ಳಗಾಗಿ ಮೇಲೇರಬೇಕು. ಸದ್ದು ಏರಿದರೆ ಮೋಟರಿಗೆ ಕಷ್ಟವಾಗುತ್ತಿದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆಗೋದು ಉಲ್ಟಾ. ಗಾಳಿ ನಿಂತಾಗ ಒಳಗಿನ ಫ್ಯಾನಿಗೆ ತಳ್ಳಲು ಏನೂ ಇರುವುದಿಲ್ಲ. ಕೆಲಸ ಕಡಿಮೆಯಾಗಿ ವೇಗ ಜಾಸ್ತಿಯಾಗುತ್ತದೆ, ಅಷ್ಟೇ.

ಕೈಯನ್ನು ಚೆನ್ನಾಗಿ ಎಳೆದುಕೊಂಡರೆ ಟ್ಯಾಂಕ್, ಮೋಟರ್ ಎರಡೂ ಸರಿ. ತೊಂದರೆ ಪೈಪಿನಲ್ಲಿ ಅಥವಾ ಕಾರ್ಪೆಟ್ ಮೇಲೆ ಎಳೆಯುವ ಹಿಡಿಯಲ್ಲಿದೆ. ಪೈಪಿನ ತುದಿಯ ಕಫ್ (ಜೋಡಿಸುವ ಬಾಯಿ) ಹತ್ತಿರ ಬಿರುಕು, ಒಳಗೆ ಕೂದಲಿನ ಗಂಟು, ಇಂಥವೇ ಸಿಗುತ್ತವೆ.

ಅಂಗೈ ಇಟ್ಟರೂ ಸದ್ದು ಬದಲಾಗದಿದ್ದರೆ ಮೊದಲು ಟ್ಯಾಂಕಿನಲ್ಲೇ ಸೋರಿಕೆ ಹುಡುಕಿ. ಮುಚ್ಚಳದ ರಬ್ಬರ್ ಮೇಲೆ ಹತ್ತು ರೂಪಾಯಿ ನೋಟಿಟ್ಟು ಮುಚ್ಚಿ, ಎಳೆದು ನೋಡಿ. ಸುಮ್ನೆ ಜಾರಿ ಬಂದರೆ ಅಲ್ಲಿ ರಬ್ಬರ್ ಕೂತಿಲ್ಲ. ಹೀಗೆ ಸುತ್ತಲೂ ನೋಡಿ. ಆಮೇಲೆ ಕೊಳೆ ನೀರು ಬಿಡುವ ವಾಲ್ವ್. ಅದರ ವಾಷರ್ ಮೇಲೆ ಒಂದು ಹರಳು ಮರಳು, ನಾಲ್ಕು ಎಳೆ ದಾರ ಕೂತರೂ ಗಾಳಿ ಒಳಗೆ ನುಗ್ಗುತ್ತದೆ. ಯಾರೂ ನೋಡದ ಜಾಗ ಇದೇ.

ಕೈ ಇಡುವ ಮೊದಲೇ ಸದ್ದು ಕೀರಲಾಗಿದ್ದು, ಎಳೆತವೇ ಇಲ್ಲದಿದ್ದರೆ? ಆಗ ಟ್ಯಾಂಕಿಗೂ ಮೋಟರಿಗೂ ನಡುವೆ ಕಟ್ಟಿಕೊಂಡಿದೆ. ಪ್ಲಗ್ ತೆಗೆದು ಟ್ಯಾಂಕಿನೊಳಗಿನ ಫ್ಲೋಟ್ ನೋಡಿ. ಟ್ಯಾಂಕ್ ತುಂಬಿದಾಗ ಮೇಲೆದ್ದು ಗಾಳಿ ದಾರಿ ಮುಚ್ಚುವುದು ಅದರ ಕೆಲಸ. ಸೋಪಿನ ಜಿಡ್ಡು ಹಿಡಿದು ಮೇಲೆಯೇ ಅಂಟಿರುತ್ತದೆ. ಪಕ್ಕದ ಜಾಲರಿಯನ್ನೂ ತೊಳೆಯಿರಿ.

ನೊರೆ ಇನ್ನೊಂದು ಪೀಡೆ. ನೀರಿಗೆ ಏಳುವ ಫ್ಲೋಟ್ ನೊರೆಗೆ ಏಳುವುದಿಲ್ಲ. ನೊರೆ ನೇರ ಮೋಟರಿಗೆ ಹೋಗಿ ಬೇರಿಂಗ್‌ಗೆ ತುಕ್ಕು ಹಿಡಿಸುತ್ತದೆ. ಹಳೇ ಶಾಂಪೂ ಉಳಿದ ಕಾರ್ಪೆಟ್ ಆದರೆ ಕೊಳೆ ನೀರಿನ ಟ್ಯಾಂಕಿಗೆ ನೊರೆ ಇಳಿಸುವ ಡೀಫೋಮರ್ ಹಾಕಲೇಬೇಕು.

ಎಕ್ಸ್‌ಟೆನ್ಶನ್ ವೈರ್ ಕೂಡ ನೋಡಿ. ಬ್ಯಾಂಕ್ವೆಟ್ ಹಾಲ್‌ಗಳಲ್ಲಿ ಫೋನ್ ಚಾರ್ಜರ್‌ಗೆ ಇಟ್ಟ ಸಣಕಲು ಬಾಕ್ಸಿಗೇ ಮೆಷಿನ್ ಚುಚ್ಚುತ್ತಾರೆ. ಉದ್ದದ ತೆಳು ವೈರಿನಲ್ಲಿ ವೋಲ್ಟೇಜ್ ಇಳಿಯುತ್ತದೆ, ಎಳೆತವೂ ಇಳಿಯುತ್ತದೆ. 2.5 ಚದರ ಮಿಮೀ ತಾಮ್ರದ ಮೂರು ಕೋರ್ ವೈರ್, 16 ಆಂಪಿಯರ್ ಪ್ಲಗ್ ಇರಲಿ. ನೀರಿನ ಕೆಲಸ ಇದು, ಅರ್ಥಿಂಗ್ ಇಲ್ಲದ ಪಾಯಿಂಟ್ ಬೇಡವೇ ಬೇಡ.

ಇಷ್ಟೆಲ್ಲ ಸರಿಯಿದ್ದೂ ಎಳೆಯದಿದ್ದರೆ ಮಾತ್ರ ಮೋಟರ್ ಬಿಚ್ಚಿ. ಆಗಲೂ ಮೊದಲ ಅನುಮಾನ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಮೇಲೆ. ಮೂರನೇ ಒಂದು ಭಾಗ ಮಾತ್ರ ಉಳಿದಿದ್ದರೆ ಜೋಡಿಯಾಗಿ ಬದಲಿಸಿ. ಅವು ಉಜ್ಜುವ ತಾಮ್ರದ ಕಮ್ಯುಟೇಟರ್ ಒಂದೇ ಸಮ ಕಂದು ಬಣ್ಣಕ್ಕಿದ್ದರೆ ಒಳ್ಳೇದು. ಸುಟ್ಟ ಕಲೆ, ಗುಂಡಿ ಇದ್ದರೆ ಹೊಸ ಬ್ರಷ್ ಜಾಸ್ತಿ ದಿನ ಬಾಳಲ್ಲ. ಹೊಸ ಬ್ರಷ್ ಹಾಕಿ ನೇರ 230 ವೋಲ್ಟ್ ಕೊಟ್ಟರೆ ಕಿಡಿ ಹಾರುತ್ತದೆ. ವೈಂಡಿಂಗ್ ಅಂಗಡಿಯಲ್ಲಿ ವೋಲ್ಟೇಜ್ ಏರಿಳಿಸುವ ಡಿಮ್ಮರ್‌ಸ್ಟ್ಯಾಟ್ ಇರುತ್ತದೆ. ಅರ್ಧ ವೋಲ್ಟೇಜಿನಲ್ಲಿ ಅರ್ಧ ಗಂಟೆ ಓಡಿಸಿ ಕೂರಿಸಿಕೊಡಲು ಹೇಳಿ. ಬೇರಿಂಗ್ ಕಿರುಚುತ್ತಿದ್ದು ಕಮ್ಯುಟೇಟರೂ ಸುಟ್ಟಿದ್ದರೆ ಮೆಕ್ಯಾನಿಕ್ ಹೇಳಿದ್ದೇ ಸರಿ, ಹೊಸ ಮೋಟರ್ ಹಾಕಿಸಿ.

ಕಾರ್ಪೆಟ್ ಒದ್ದೆ ಉಳಿಯಲು ಸ್ಪ್ರೇ ಕೂಡ ಕಾರಣ ಆಗಬಹುದು ಅಲ್ವಾ? ಆಗಬಹುದು. ಸವೆದ ನಾಝಲ್ ಜಾಸ್ತಿ ನೀರು ಬಿಡುತ್ತದೆ. ಕಟ್ಟಿಕೊಂಡರೆ ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಕೆರೆಗಳಿಂದ ಬರುವ ಮುನ್ಸಿಪಾಲ್ಟಿ ನೀರು ಪರವಾಗಿಲ್ಲ, ಬೋರ್‌ವೆಲ್ಲಿನ ಟ್ಯಾಂಕರ್ ನೀರು ಬಳಸಿದರೆ ನಾಝಲ್ ತೂತಿನಲ್ಲಿ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಪಿನ್ ಚುಚ್ಚಬೇಡಿ, ತೂತು ಕೆಟ್ಟರೆ ನೀರು ಸಮನಾಗಿ ಹರಡಲ್ಲ. ಬಿಳಿ ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿಡಿ.

ರಬ್ಬರ್, ಓ-ರಿಂಗ್, ಪೈಪ್ ಎಲ್ಲ ಮುಂಬಯಿಯ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹುಡುಕಬಹುದು. ಹಳೇ ತುಂಡು ಕೈಯಲ್ಲಿ ಹಿಡಿದೇ ಹೋಗಿ. ಮೋಟರೇ ಬೇಕಾದರೆ ವ್ಯಾಸ, ವೋಲ್ಟೇಜ್, ಒಳಗೆ ಎಷ್ಟು ಫ್ಯಾನ್, ಗಾಳಿ ಹೊರಬೀಳುವ ಬಾಯಿ ಯಾವ ಕಡೆ, ಇವನ್ನೆಲ್ಲ ಫೋಟೋ ತೆಗೆದುಕೊಳ್ಳಿ. ಭಾನುವಾರ ಮಾತ್ರ ಹೋಗಬೇಡಿ, ಬಹುತೇಕ ಅಂಗಡಿ ಬಾಗಿಲು ಹಾಕಿರುತ್ತವೆ.